ಮೊಬೈಲಿನಲ್ಲಿ ಡೈರಿ: ಹೆಡ್‌ಮಾಸ್ಟರಿಗೆ ನಿಜಕ್ಕೂ ಉಪಯೋಗವಿದೆಯೇ?

"ದಿನಾ ಹತ್ತು ನಿಮಿಷ ಡೈರಿ ಬರೆಯಿರಿ, ಒತ್ತಡ ಮಾಯ!" "ಕೈಯಲ್ಲೇ ಬರೆಯಬೇಕು, ಮೊಬೈಲಿನಲ್ಲಿ ಬರೆದರೆ ಪ್ರಯೋಜನವಿಲ್ಲ!" ಶಿಕ್ಷಕರ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಮಾತುಗಳಿಗೆ ಬರವಿಲ್ಲ. ಬಿಸಿಯೂಟದ ಲೆಕ್ಕ, ಎಸ್‌ಡಿಎಂಸಿ ಸಭೆ, ಬಿಇಒ ಕಚೇರಿಯ ಫೋನು, ನಡುವೆ ಪಾಠ. ಇಷ್ಟರಲ್ಲಿ ಮುಖ್ಯಶಿಕ್ಷಕರು ಬರೆಯುವುದಾದರೂ ಯಾವಾಗ?

ಮೊದಲು ಒತ್ತಡದ ಮಾತು. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಸತತ 4 ದಿನ, ದಿನಕ್ಕೆ 15 ನಿಮಿಷ ಬರೆದರು. ಕಹಿ ಘಟನೆಯನ್ನೂ ಅದರ ಬಗ್ಗೆ ತಮಗನಿಸಿದ್ದನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋಗಿದ್ದು ಕಡಿಮೆ. ಆದರೆ ಬರೆದ ಕೂಡಲೇ ಅವರ ಮನಸ್ಸು ಹಗುರವಾಗಲಿಲ್ಲ, ಇನ್ನಷ್ಟು ಕಲಕಿತ್ತು! 2006ರಲ್ಲಿ ಇಂಥ 146 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡ ಲಾಭ ನಿಜ, ಆದರೆ ಸಣ್ಣದು. 'ಮಾಯ' ಅನ್ನುವಷ್ಟಲ್ಲ.

ಕೆಲಸ ಕಲಿಯುವ ವಿಷಯದಲ್ಲಿ ಪುರಾವೆ ಸ್ವಲ್ಪ ಗಟ್ಟಿ, ಅದೂ ನಮ್ಮ ಬೆಂಗಳೂರಿನ ವಿಪ್ರೊ ಕಂಪನಿಯಿಂದಲೇ. ಹಾರ್ವರ್ಡ್ ಸಂಶೋಧಕರ ತಂಡ 2014ರಲ್ಲಿ ಹೊರತಂದ ಅಧ್ಯಯನವಿದು. ತರಬೇತಿಯಲ್ಲಿದ್ದ ನೌಕರರಲ್ಲಿ ಒಂದು ಗುಂಪು ದಿನದ ಕೊನೆಯ 15 ನಿಮಿಷ ಅಂದು ಕಲಿತದ್ದನ್ನು ಬರೆಯಿತು. ಆ ಗುಂಪು ಕೊನೆಯ ಪರೀಕ್ಷೆಯಲ್ಲಿ ಉಳಿದವರಿಗಿಂತ ಸುಮಾರು ಶೇ. 23ರಷ್ಟು ಚೆನ್ನಾಗಿ ಮಾಡಿತು. ಅವರು ಹೆಡ್‌ಮಾಸ್ಟರುಗಳಲ್ಲ, ನಿಜ. ಆದರೂ ದಾರಿ ಅದೇ.

ಹಾಗಾದರೆ ಬರೆಯುವುದೇನನ್ನು? "11ಕ್ಕೆ ಪೋಷಕರು ಬಂದರು, ಜಗಳವಾಯಿತು" ಎಂಬುದು ಬರೀ ವರದಿ. "ನಾನು ನಿಂತುಕೊಂಡೇ ಉತ್ತರಿಸಿದೆ, ಅವರ ದನಿ ಏರಿತು. ಕೂರಿಸಿ ಕೇಳಿದ್ದರೆ? ನಾಳೆ ಫೋನ್ ಮಾಡುತ್ತೇನೆ" ಎಂದು ಬರೆದರೆ ಅದು ಅವಲೋಕನ. ಏನಾಯಿತು, ಯಾಕೆ, ಮುಂದೇನು: ಮೂರು ಸಾಲು ಸಾಕು. ವಾರಕ್ಕೆ ಎರಡು ಸಲ ಬರೆದರೂ ಆದೀತು ಎಂಬುದು ನಮ್ಮ ಅಭಿಪ್ರಾಯ. ಆದರೆ ಅದೇ ಬೇಸರವನ್ನೇ ದಿನವೂ ಬರೆಯುತ್ತಿದ್ದರೆ ನಿಲ್ಲಿಸಿ, ಯಾರೊಡನಾದರೂ ಮಾತಾಡಿ.

ಕೈಬರಹದ ವಾದ ಹುಟ್ಟಿದ್ದು ಹೆಚ್ಚಾಗಿ 2014ರ ಇನ್ನೊಂದು ಅಧ್ಯಯನದಿಂದ. ಅದು ಉಪನ್ಯಾಸ ಕೇಳುತ್ತ ಟಿಪ್ಪಣಿ ಮಾಡಿಕೊಳ್ಳುವುದರ ಬಗ್ಗೆ, ಡೈರಿಯ ಬಗ್ಗೆ ಅಲ್ಲವೇ ಅಲ್ಲ. 2019ರಲ್ಲಿ ಬೇರೆಯವರು ಮತ್ತೆ ಮಾಡಿ ನೋಡಿದಾಗ ಆ ವ್ಯತ್ಯಾಸವೂ ಸ್ಪಷ್ಟವಾಗಿ ಸಿಗಲಿಲ್ಲ. ಬಸ್ಸಿನಲ್ಲಿ ಕೂತು ಮೊಬೈಲಿಗೆ ಕನ್ನಡದಲ್ಲಿ ಹೇಳಿ ಬರೆಸಿದರೂ ತಪ್ಪಿಲ್ಲ.

ನಿಜವಾದ ಅಪಾಯ ಇರುವುದು ಬೇರೆ ಕಡೆ. ಆನ್‌ಲೈನ್ ಬರಹ ಒಂದು ತಪ್ಪು ಒತ್ತಿನಿಂದ ಗುಂಪಿಗೆ ಹೋಗಬಹುದು. ಆದ್ದರಿಂದ ಮಗುವಿನ ಹೆಸರು, ಜಾತಿ, ಕಾಯಿಲೆ, ಫೋಟೊ ಬೇಡ. 'ಏಳನೇ ತರಗತಿಯ ಒಬ್ಬ' ಅಂದರೆ ನಿಮಗೆ ಗೊತ್ತಾಗುತ್ತದಲ್ಲ! ಶಾಲೆಯ ಎಲ್ಲರೂ ಬಳಸುವ ಕಂಪ್ಯೂಟರಿನಲ್ಲಿ ಲಾಗಿನ್ ಆಗಿ ಬಿಟ್ಟು ಹೋಗಬೇಡಿ. ಇನ್ನು, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾದದ್ದು ತಿಳಿದರೆ ಡೈರಿಯಲ್ಲಿ ಬರೆದುಕೊಂಡರೆ ಮುಗಿಯಲಿಲ್ಲ. 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದಿದ್ದರೆ ಶಿಕ್ಷೆಯಿದೆ. ಮಕ್ಕಳ ಸಹಾಯವಾಣಿ 1098.