ತೆರೆಯ ಮೇಲಿನ ಬಳ್ಳಾರಿ ಜಾಲಿ

ಯಾದಗಿರಿ ಜಿಲ್ಲೆಯ ರಂಗಂಪೇಟೆಯ ನಮ್ಮ ಪಡಸಾಲೆಯ ಟೀವಿಯಲ್ಲಿ ಯಾವುದೋ ರಾಜನ ಸಿನಿಮಾ ನಡೆದಿತ್ತು. ಕುದುರೆಗಳು ಧೂಳೆಬ್ಬಿಸಿಕೊಂಡು ಬಂದವು, ಕತ್ತಿಗಳು ಒರೆಯಿಂದ ಹೊರಬಿದ್ದವು. ಮುತ್ಯಾನ ಕಣ್ಣು ಮಾತ್ರ ಕುದುರೆಗಳ ಹಿಂದಿನ ಗಿಡದ ಮೇಲಿತ್ತು. “ತಮ್ಮಾ, ಈ ರಾಜನ ಕಾಲದಾಗ ಬಳ್ಳಾರಿ ಜಾಲಿ ಎಲ್ಲಿತ್ತೋ?” ಎಂದು ಕೇಳಿ ನಕ್ಕ.

ಪ್ರಶ್ನೆ ಸರಿಯಾಗಿಯೇ ಇತ್ತು. ಬಳ್ಳಾರಿ ಜಾಲಿ ಅಮೆರಿಕ ಖಂಡದ ಗಿಡ. ಭಾರತಕ್ಕೆ ಬಂದದ್ದು 1877ರ ಸುಮಾರಿಗೆ. ಈಗ ನಮ್ಮ ಹಳ್ಳದ ದಂಡೆ, ಬೀಳು ಹೊಲಗಳನ್ನೆಲ್ಲ ಅದು ಎಷ್ಟು ಆವರಿಸಿದೆಯೆಂದರೆ, ಭೂಮಿ ಹುಟ್ಟಿದಾಗಿನಿಂದ ಇಲ್ಲೇ ಇತ್ತೇನೋ ಅನಿಸುತ್ತದೆ. ಕದಂಬರ ಕಥೆಯಲ್ಲಾಗಲಿ ವಿಜಯನಗರದ ಕಥೆಯಲ್ಲಾಗಲಿ ಅದು ಕಂಡರೆ ತಪ್ಪೇ. ಮುತ್ಯಾ ಸಿನಿಮಾ ಶಾಸ್ತ್ರ ಓದಿದವನಲ್ಲ, ಆ ಗಿಡದ ಮುಳ್ಳು ಕಾಲಿಗೆ ಚುಚ್ಚಿಸಿಕೊಂಡವನು. ತೆರೆಯ ಮೇಲಿನ ತಪ್ಪು ಹುಡುಕುವ ಈ ಹವ್ಯಾಸ ಇವತ್ತು ಜಗತ್ತಿನಾದ್ಯಂತ ದೊಡ್ಡ ಆಟವಾಗಿ ಬೆಳೆದಿದೆ. ಅದು ಬೆಳೆದ ದಾರಿಯನ್ನು ಇಲ್ಲಿಂದಲೇ ನೋಡೋಣ.

ದೋಷವೂ ಅದೋಷವೂ

ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ ಶುರುವಾಗುವುದೇ ತಪ್ಪಿನ ವಿಚಾರದಿಂದ. 9ನೇ ಶತಮಾನದ ‘ಕವಿರಾಜಮಾರ್ಗ’ದ ಮೊದಲ ಪರಿಚ್ಛೇದದ ಹೆಸರು ದೋಷಾದೋಷಾನುವರ್ಣನ. ಕಾವ್ಯದಲ್ಲಿ ಯಾವುದು ದೋಷ, ಯಾವುದು ದೋಷವಲ್ಲ ಎಂಬ ಚರ್ಚೆ ಅದು. ಆ ಗ್ರಂಥ ಹುಟ್ಟಿದ ಆಸ್ಥಾನದ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ನಮ್ಮ ಪಕ್ಕದ ಕಲಬುರಗಿ ಜಿಲ್ಲೆಯಲ್ಲೇ ಇದೆ.

ಈ ಭೇದ ನಮ್ಮ ದೊಡ್ಡಾಟದವರಿಗೂ ಗೊತ್ತಿತ್ತು. ಪೌರಾಣಿಕ ಪಾತ್ರದೊಡನೆ ಮಾತಿಗಿಳಿಯುವ ಸಾರಥಿ ಇವತ್ತಿನ ಬೆಲೆಯೇರಿಕೆಯನ್ನು ಎಳೆದು ತಂದರೆ ಅದು ರಸ. ಅದೇ ರಾಜನ ಪಾತ್ರಧಾರಿ ಮುಂಗೈಯ ವಾಚು ಬಿಚ್ಚಿಡಲು ಮರೆತು ರಂಗಕ್ಕೆ ಬಂದರೆ ಅಭಾಸ. ಎರಡೂ ಕಾಲ ತಪ್ಪಿದ ಸಂಗತಿಗಳೇ. ಮೊದಲನೆಯದನ್ನು ಬೇಕೆಂದೇ ತಂದದ್ದು, ಎರಡನೆಯದು ಕಣ್ತಪ್ಪಿ ಬಂದದ್ದು. ಬಯಲಲ್ಲಿ ಕೂತವರು ಇದನ್ನು ತಟ್ಟನೆ ಗುರುತಿಸುತ್ತಿದ್ದರು.

ಒಮ್ಮೆ ನೋಡಿದರೆ ಮುಗಿಯಿತು

ಸಿನಿಮಾ ಬಂದಾಗ ಈ ಆಟ ಕಷ್ಟವಾಯಿತು, ಏಕೆಂದರೆ ತೆರೆ ನಿಲ್ಲುವುದಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ಅದರ ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಅದರಲ್ಲಿ ಏನೇನು ತಪ್ಪಿತ್ತೆಂದು ಈಗ ಹುಡುಕೋಣವೆಂದರೆ ಪ್ರತಿಯೇ ಉಳಿದಿಲ್ಲ. ಅದರ ಬಗ್ಗೆ ಉಳಿದಿರುವುದು ರಸಪ್ರಶ್ನೆ ಮಾತ್ರ: ಮೊದಲ ಚಿತ್ರ ‘ಸತಿ ಸುಲೋಚನ’ವೋ ‘ಭಕ್ತ ಧ್ರುವ’ವೋ? ತಯಾರಿಕೆಯಲ್ಲಿ ಮುಂದಿದ್ದದ್ದು ‘ಧ್ರುವ’, ಬಿಡುಗಡೆಯಲ್ಲಿ ಮುಂದಾದದ್ದು ‘ಸುಲೋಚನ’.

ಟೆಂಟ್ ಸಿನಿಮಾದ ಕಾಲದಲ್ಲಿ ತಪ್ಪು ಹಿಡಿಯುವ ಕೆಲಸ ನಡೆಯುತ್ತಿದ್ದದ್ದು ಸೆಟ್ಟಿನೊಳಗೆ. ಚಿತ್ರವನ್ನು ಕಥೆಯ ಕ್ರಮದಲ್ಲಿ ತೆಗೆಯುವುದಿಲ್ಲ. ನಾಯಕ ಬಾಗಿಲು ತೆರೆಯುವುದನ್ನು ಇಂದು, ಒಳಗೆ ಕಾಲಿಡುವುದನ್ನು ತಿಂಗಳ ಮೇಲೆ ತೆಗೆಯಬಹುದು. ನಡುವೆ ಮೀಸೆಯ ಅಳತೆ, ಕುಂಕುಮದ ಗಾತ್ರ, ಲೋಟದಲ್ಲಿನ ಹಾಲು ಬದಲಾಗಬಾರದು. ಇದೇ ‘ಕಂಟಿನ್ಯುಟಿ’. ಸಹಾಯಕ ನಿರ್ದೇಶಕ ಇದನ್ನೆಲ್ಲ ಪುಸ್ತಕದಲ್ಲಿ ಬರೆದಿಡುತ್ತಾನೆ, ಸ್ಟಿಲ್ ಫೋಟೊ ಇಟ್ಟುಕೊಂಡು ತಾಳೆ ನೋಡುತ್ತಾನೆ. ಅವನ ಕಣ್ಣು ತಪ್ಪಿಸಿ ಬಂದದ್ದೇ ನಮ್ಮ ಪಾಲಿಗೆ ಸಿಗುವ ತಪ್ಪು.

ಆ ದಿನಗಳಲ್ಲಿ ಇನ್ನೊಂದು ಬಗೆಯ ತಪ್ಪು ಹುಡುಕುವವರೂ ಇದ್ದರು, ಕಾದಂಬರಿ ಓದಿ ಸಿನಿಮಾಕ್ಕೆ ಹೋಗುವವರು. ಅವರ ಪೈಕಿ ಮೊದಲಿಗರು ಸ್ವತಃ ಲೇಖಕರೇ. 1972ರಲ್ಲಿ ಪುಟ್ಟಣ್ಣ ಕಣಗಾಲರು ‘ನಾಗರಹಾವು’ ತೆಗೆದಾಗ ತ.ರಾ.ಸು. ಅದನ್ನು ಕೇರೆಹಾವು ಎಂದು ಕರೆದದ್ದು ಇಂದಿಗೂ ಚಿತ್ರರಂಗದ ಬಾಯಲ್ಲಿರುವ ಮಾತು. ಪ್ರೇಕ್ಷಕರು ಮಾತ್ರ ಆ ಹಾವನ್ನೇ ತಲೆಮೇಲೆ ಹೊತ್ತು ಕುಣಿದರು. ಲೇಖಕರಿಗೆ ದೋಷವಾದದ್ದು ಅವರಿಗೆ ಅದೋಷ.

ರಾಮನಗರದ ನೀರಿನ ಟ್ಯಾಂಕು

ಒಂದೇ ಚಿತ್ರವನ್ನು ಹತ್ತು ಸಲ ನೋಡುವ ರೂಢಿ ಬಂದಮೇಲೆ ಆಟ ಬದಲಾಯಿತು. 1975ರ ‘ಶೋಲೆ’ ಇದಕ್ಕೆ ಒಳ್ಳೆಯ ಉದಾಹರಣೆ. ಚಿತ್ರದ ರಾಮಗಢ ನಮ್ಮ ರಾಮನಗರದ ಬಂಡೆಗಳ ನಡುವೆ ಎದ್ದ ಊರು. ಅಲ್ಲಿ ಸಂಜೆಯಾದರೆ ರಾಧಾ ದೀಪ ನಂದಿಸುತ್ತಾಳೆ, ಅಂದರೆ ಕರೆಂಟಿಲ್ಲ. ಹಾಗಾದರೆ ವೀರು ಕುಡಿದು ಹತ್ತುವ ಎತ್ತರದ ಟ್ಯಾಂಕಿಗೆ ನೀರು ಏರಿಸಿದವರಾರು? ಮೊದಲ ಸಲ ನೋಡಿದವರಿಗೆ ಈ ಪ್ರಶ್ನೆ ಹೊಳೆಯುವುದಿಲ್ಲ. ಹತ್ತನೆಯ ಸಲಕ್ಕೆ, ಸಂಭಾಷಣೆ ಬಾಯಿಪಾಠವಾಗಿ ಕಣ್ಣಿಗೆ ಬಿಡುವು ಸಿಕ್ಕಾಗ, ಹೊಳೆಯುತ್ತದೆ.

80ರ ದಶಕದಲ್ಲಿ ವಿಸಿಆರ್ ಬಂತು. ಓಡುವ ಚಿತ್ರವನ್ನು ನಿಲ್ಲಿಸುವ ಗುಂಡಿ ಮೊದಲ ಬಾರಿ ಪ್ರೇಕ್ಷಕನ ಕೈಗೆ ಸಿಕ್ಕಿತು. ಇಡೀ ಹವ್ಯಾಸದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ. ಅಲ್ಲಿಯವರೆಗೆ ಏನಾದರೂ ಬಲ್ಲವನೇ ತಪ್ಪು ಹಿಡಿಯಬೇಕಿತ್ತು. ಇನ್ನು ಮೇಲೆ ತಾಳ್ಮೆಯಿದ್ದವನೂ ಹಿಡಿಯಬಹುದಾಯಿತು.

ಟೀವಿ ತಪ್ಪನ್ನು ಸಾರ್ವಜನಿಕ ವ್ಯಾಜ್ಯವನ್ನಾಗಿಯೂ ಮಾಡಿತು. 1990ರಲ್ಲಿ ದೂರದರ್ಶನದಲ್ಲಿ ಬಂದ ಟಿಪ್ಪು ಧಾರಾವಾಹಿ ಕಾದಂಬರಿಯೊಂದನ್ನು ಆಧರಿಸಿತ್ತು. ಇತಿಹಾಸ ತಿರುಚಲಾಗಿದೆ ಎಂಬ ತಕರಾರು ನ್ಯಾಯಾಲಯದ ಮೆಟ್ಟಿಲೇರಿತು, ಕಥೆ ಕಾಲ್ಪನಿಕ ಎಂಬ ಸೂಚನೆ ತೆರೆಯ ಮೇಲೆ ಬಂತು. ಸಣ್ಣ ಸಂಗತಿಗಳನ್ನು ನೆನಪಿಡುವ ಚಟಕ್ಕೆ ಮರ್ಯಾದೆ ತಂದುಕೊಟ್ಟದ್ದೂ ದೂರದರ್ಶನವೇ. ಚಂದನದಲ್ಲಿ ಡಾ. ನಾ. ಸೋಮೇಶ್ವರ 2002ರಿಂದ ನಡೆಸಿಕೊಂಡು ಬಂದ ‘ಥಟ್ ಅಂತ ಹೇಳಿ’ಯಲ್ಲಿ ಸರಿಯುತ್ತರಕ್ಕೆ ಸಿಗುತ್ತಿದ್ದದ್ದು ದುಡ್ಡಲ್ಲ, ಪುಸ್ತಕ.

ಕಾಫಿ ಕಪ್ಪು, ಗಾಂಧಿ, ಹಳೇಬೀಡು

ಹೊರಗಿನ ಜಗತ್ತಿನಲ್ಲಿ ಈ ಹೊತ್ತಿಗೆ ತಪ್ಪುಗಳು ಒಂದೆಡೆ ಕೂಡತೊಡಗಿದ್ದವು. 1990ರಲ್ಲಿ ಸಿನಿಮಾಪ್ರಿಯರ ಪಟ್ಟಿಯಾಗಿ ಹುಟ್ಟಿದ ಐಎಂಡಿಬಿ ಮುಂದೆ ಪ್ರತಿ ಚಿತ್ರದ ತಪ್ಪುಗಳಿಗೇ ಒಂದು ವಿಭಾಗ ತೆರೆಯಿತು. ತಪ್ಪು ತೋರಿಸಿದರೆ ತಿದ್ದುವ ನಿರ್ದೇಶಕರೂ ಬಂದರು. ‘ಟೈಟಾನಿಕ್’ ಮುಳುಗುವ ರಾತ್ರಿಯ ಆಕಾಶದಲ್ಲಿ ನಕ್ಷತ್ರಗಳು ತಪ್ಪು ಜಾಗದಲ್ಲಿವೆ ಎಂದು ಖಗೋಳವಿಜ್ಞಾನಿ ನೀಲ್ ಡಿಗ್ರಾಸ್ ಟೈಸನ್ ಪಟ್ಟು ಹಿಡಿದರು. ಜೇಮ್ಸ್ ಕ್ಯಾಮರಾನ್ 2012ರ ಮರುಬಿಡುಗಡೆಯಲ್ಲಿ ಆಕಾಶವನ್ನೇ ಬದಲಿಸಿದರು.

2019ರಲ್ಲಿ ‘ಗೇಮ್ ಆಫ್ ಥ್ರೋನ್ಸ್’ನ ಮಧ್ಯಯುಗದ ಮೇಜಿನ ಮೇಲೆ ಕಾಗದದ ಕಾಫಿ ಕಪ್ಪು ಕಂಡಿತು. ಅದು ಸ್ಟಾರ್‌ಬಕ್ಸ್‌ನದೆಂದು ಜಗತ್ತೆಲ್ಲ ನಕ್ಕಿತು. ಕಪ್ಪು ಇದ್ದದ್ದು ನಿಜ, ಆದರೆ ಅದು ಸೆಟ್ಟಿನ ಊಟದ ವಿಭಾಗದ ಸಾದಾ ಕಪ್ಪು. ಹೀಗೆ ತಪ್ಪು ಹಿಡಿದವರೇ ತಪ್ಪಿದರು.

ವಿಡಿಯೊ ಗೇಮಿನಲ್ಲಿ ಕಥೆ ಇನ್ನೂ ಸೊಗಸು. ವಾರನ್ ರಾಬಿನೆಟ್ ತನ್ನ ‘ಅಡ್ವೆಂಚರ್’ ಆಟದೊಳಗೆ ಒಂದು ಗುಪ್ತ ಕೋಣೆ ಕಟ್ಟಿ ಅಲ್ಲಿ ತನ್ನ ಹೆಸರು ಬರೆದಿಟ್ಟ, ಏಕೆಂದರೆ ಅಟಾರಿ ಕಂಪನಿ ಆಟ ರೂಪಿಸಿದವರ ಹೆಸರು ಹಾಕುತ್ತಿರಲಿಲ್ಲ. 1980ರಲ್ಲಿ ಒಬ್ಬ ಹುಡುಗ ಅದನ್ನು ಪತ್ತೆಹಚ್ಚಿ ಕಂಪನಿಗೆ ಪತ್ರ ಬರೆದ. ಇತ್ತ ‘ಸಿವಿಲೈಸೇಶನ್’ ಆಟದ ಗಾಂಧಿ ಲೆಕ್ಕದ ದೋಷದಿಂದ ಅಣುಬಾಂಬ್ ಪ್ರಿಯನಾದ ಎಂಬ ಕಥೆ ವರ್ಷಗಟ್ಟಲೆ ಹಬ್ಬಿತ್ತು. ಅಂಥ ದೋಷ ಇರಲೇ ಇಲ್ಲ ಎಂದು ಆಟದ ಕರ್ತೃ ಸಿಡ್ ಮೀಯರ್ 2020ರ ಆತ್ಮಕಥೆಯಲ್ಲಿ ಬರೆದರು.

2017ರ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ಯಲ್ಲಂತೂ ಹೊಯ್ಸಳರ ಹಳೇಬೀಡೇ ಬರುತ್ತದೆ, ಗುಡ್ಡ ಜಲಪಾತಗಳ ನಡುವೆ ಅಡಗಿದ ಊರಾಗಿ. ನಿಜವಾದ ಹಳೇಬೀಡು ಬಯಲುಸೀಮೆಯ ಕೆರೆಯ ಪಕ್ಕದಲ್ಲಿದೆ. ಅದನ್ನು ನೋಡಲು ಜಲಪಾತ ಹತ್ತಬೇಕಿಲ್ಲ, ಹಾಸನದಲ್ಲಿ ಬಸ್ಸು ಹತ್ತಿದರೆ ಸಾಕು.

ನಮ್ಮ ಕಡೆಯ ಪಟ್ಟಿ

ಕಾಫಿ ಕಪ್ಪನ್ನು ಯಾರಾದರೂ ಹಿಡಿದಾರು. ಚಿತ್ರವನ್ನು ಎಷ್ಟು ಸಲ ನಿಲ್ಲಿಸಿ ನೋಡಿದರೂ ಹೊರಗಿನವರಿಗೆ ಕಾಣದ ತಪ್ಪುಗಳಿವೆ. ನಾಳೆ ಯಾರಾದರೂ ರಂಗಂಪೇಟೆಯ ಕಥೆ ತೆಗೆದರೆ ನಾವು ನೋಡುವುದು ಇವನ್ನು:

1947ರ ಆಗಸ್ಟ್ 15ರಂದು ಇಲ್ಲಿ ಊರೆಲ್ಲ ಬಾವುಟ ಹಾರಿಸಿ ಸಿಹಿ ಹಂಚಿದಂತೆ ತೋರಿಸಿದರೆ ತಪ್ಪು. ನಾವು ನಿಜಾಮನ ಆಳ್ವಿಕೆಯಲ್ಲಿದ್ದೆವು, ನಮಗೆ ಬಿಡುಗಡೆಯಾದದ್ದು 1948ರ ಸೆಪ್ಟೆಂಬರ್ 17ರಂದು. ಆಗಿನ ಸಂತೆಯಲ್ಲಿ ಬರೀ ಜಾರ್ಜ್ ದೊರೆಯ ರೂಪಾಯಿ ಓಡಾಡಿದರೂ ತಪ್ಪು. ನಮ್ಮದು ಚಾರ್‌ಮಿನಾರ್ ಅಚ್ಚಿನ ಹಾಲಿ ಸಿಕ್ಕಾ. 1858ರ ಫೆಬ್ರವರಿಯ ಸುರಪುರದ ಕಾಳಗದಲ್ಲಿ ರಾಜಾ ವೆಂಕಟಪ್ಪ ನಾಯಕನ ಎದುರು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕತ್ತಿ ಹಿರಿದರೆ ದೊಡ್ಡ ತಪ್ಪು. ಟೇಲರ್ 1853ರಲ್ಲೇ ಸುರಪುರ ಬಿಟ್ಟಿದ್ದ, ಆಗ ವರಾಡದಲ್ಲಿದ್ದ. 1970ರ ಕಥೆಯ ಜೀಪಿಗೆ ‘ಕೆಎ’ ನಂಬರಿದ್ದರೆ ತಪ್ಪು, ಅದು ಬಂದದ್ದು 1989ರಲ್ಲಿ. 2009ರ ಕೊನೆಗೆ ಮೊದಲಿನ ಕಥೆಯಲ್ಲಿ ಯಾದಗಿರಿ ಜಿಲ್ಲೆಯ ಬೋರ್ಡು ಕಂಡರೂ ತಪ್ಪು.

ಇವೆಲ್ಲಕ್ಕಿಂತ ದೊಡ್ಡದು ಮಾತು. ಬೆಂಗಳೂರಿನ ಚಿತ್ರರಂಗಕ್ಕೆ ಉತ್ತರ ಕರ್ನಾಟಕವೆಂದರೆ ಬಹುಪಾಲು ಒಂದೇ ಭಾಷೆ, ಅದೂ ಧಾರವಾಡದ ಧಾಟಿ. ಅಲ್ಲಿಯವರು ‘ಹೋಗಾಕತ್ತೀನಿ’ ಅಂದರೆ ನಾವು ‘ಹೋಗ್ಲಕತ್ತೀನಿ’ ಅನ್ನುತ್ತೇವೆ. ಒಂದು ‘ಲ’ಕಾರದ ಅಂತರ. ಅದನ್ನು ಹಿಡಿಯಲು ರಿಮೋಟ್ ಬೇಡ, ಇಲ್ಲಿ ಬೆಳೆದ ಕಿವಿ ಬೇಕು. 2016ರಲ್ಲಿ ತೆರೆಗೆ ಬಂದ ‘ತಿಥಿ’ಯಲ್ಲಿ ಮಂಡ್ಯದ ಹಳ್ಳಿಯವರೇ ನಟಿಸಿ ತಮ್ಮ ಮಾತನ್ನೇ ಆಡಿದ್ದರಿಂದ ಆ ಕಡೆಯ ಕಿವಿಗಳಿಗೆ ಮುಳ್ಳು ಚುಚ್ಚಲಿಲ್ಲ.

ಆ ರಾಜನ ಸಿನಿಮಾವನ್ನು ಮುತ್ಯಾ ಕೊನೆತನಕ ನೋಡಿದ. ಜಾಲಿ ಇನ್ನೂ ನಾಲ್ಕು ಸಲ ಬಂತು, ಅವನು ಏಳಲಿಲ್ಲ. ಮರುದಿನ ಬೇರೆ ಚಾನೆಲ್‌ನಲ್ಲಿ ಧಾರಾವಾಹಿಯೊಂದು ಹತ್ತಿತ್ತು. ಅದರಲ್ಲಿ ಕಲಬುರಗಿಯವನೆಂದು ಹೇಳಿಕೊಂಡ ಪಾತ್ರ ಬಾಯಿಬಿಟ್ಟ ಎರಡನೆಯ ಮಾತಿಗೇ ಮುತ್ಯಾ ಕೈಚಾಚಿದ: “ಇಂವ ನಮ್ಮ ಕಡಿಯವ ಅಲ್ಲ. ತಮ್ಮಾ, ಚಾನಲ್ ಬದಲ್ ಮಾಡು.”