ದೋಣಿಯೊಡಲಿನ ಗಾಲ್ವಾನಿಕ್ ಸವೆತ ಮತ್ತು ರಕ್ಷಣೆ

ಗಾಲ್ವಾನಿಕ್ ಸವೆತ: ಒಂದಕ್ಕೊಂದು ತಾಗಿರುವ ಅಥವಾ ತಂತಿಯಿಂದ ಜೋಡಣೆಯಾದ ಎರಡು ಬೇರೆ ಬೇರೆ ಲೋಹಗಳು ಉಪ್ಪುನೀರಿನಲ್ಲಿ ಮುಳುಗಿರುವಾಗ, ಹೆಚ್ಚು ಕ್ರಿಯಾಶೀಲವಾದ ಲೋಹ ಕರಗುತ್ತ ಹೋಗುವ ವಿದ್ಯುತ್-ರಾಸಾಯನಿಕ ಕ್ರಿಯೆ. ಉಕ್ಕಿನ ಇಲ್ಲವೆ ಅಲ್ಯೂಮಿನಿಯಮಿನ ಒಡಲು, ಕಂಚಿನ ಪ್ರೊಪೆಲ್ಲರ್, ಸ್ಟೇನ್‌ಲೆಸ್ ಉಕ್ಕಿನ ದಂಡ, ಇವುಗಳ ನಡುವೆ ಕಡಲ ನೀರು ಸೇರಿತೆಂದರೆ ದೋಣಿ ತಾನೇ ಒಂದು ಬ್ಯಾಟರಿಯಾಗುತ್ತದೆ. ಬೆಳ್ಳಿ-ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡಿಗೆ ಹೋಲಿಸಿ ಅಳೆದಾಗ ಕಡಲ ನೀರಿನಲ್ಲಿ ಸತುವಿನ ವಿಭವ ಸುಮಾರು -1.03 ವೋಲ್ಟ್, ಉಕ್ಕಿನದು -0.6ರ ಆಸುಪಾಸು, ತಾಮ್ರದ್ದು -0.3ರ ಆಸುಪಾಸು. ಹೆಚ್ಚು ಋಣ ವಿಭವವಿರುವ ಲೋಹವೇ ಆನೋಡ್ ಆಗಿ ಸವೆಯುತ್ತದೆ.

ಈ ಪಾಠವನ್ನು ಮೊದಲು ಕಲಿತದ್ದು ಮರದ ಹಡಗುಗಳಿಂದ ಎಂಬುದು ವಿಚಿತ್ರ. ಮರ ಕೊರೆಯುವ ಹುಳುಗಳ ಕಾಟ ತಪ್ಪಿಸಲು ಬ್ರಿಟಿಷ್ ನೌಕಾಪಡೆ 1761ರಲ್ಲಿ ಅಲಾರ್ಮ್ ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಿತು. ಸುಮಾರು ಎರಡು ವರ್ಷಗಳ ಬಳಿಕ ನೋಡಿದರೆ ಕಬ್ಬಿಣದ ಮೊಳೆಗಳು ಕರಗಿಹೋಗಿದ್ದವು. ತಗಡಿಗೆ ಸುತ್ತಿದ್ದ ಕಂದು ಕಾಗದ ಕೀಳದೆ ಉಳಿದ ಕಡೆಗಳಲ್ಲಿ ಮಾತ್ರ ಮೊಳೆಗಳು ಗಟ್ಟಿಯಾಗಿದ್ದವು. 1824ರಲ್ಲಿ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ ಅದೇ ಕ್ರಿಯೆಯನ್ನು ತಿರುಗಿಸಿ ಬಳಸಿದ. ತಾಮ್ರದ ಹೊದಿಕೆಗೆ ಸತು ಅಥವಾ ಎರಕದ ಕಬ್ಬಿಣದ ಚಿಕ್ಕ ತುಂಡುಗಳನ್ನು ಜೋಡಿಸಿದಾಗ ಅವು ಸವೆದು ತಾಮ್ರ ಉಳಿಯಿತು. ಸಮರಾಂಗ್ ಎಂಬ ಹಡಗಿನಲ್ಲಿ ಇದನ್ನು ಅಳವಡಿಸಿ ನೋವಾ ಸ್ಕಾಟಿಯಕ್ಕೆ ಕಳುಹಿಸಲಾಯಿತು. ರಸಾಯನಶಾಸ್ತ್ರ ಗೆದ್ದಿತು, ನೌಕಾಯಾನ ಸೋತಿತು: ತಾಮ್ರ ಕರಗದೆ ಇದ್ದುದರಿಂದ ಅದರ ವಿಷವೂ ನೀರಿಗಿಳಿಯಲಿಲ್ಲ, ತಳದ ತುಂಬ ಪಾಚಿ, ಚಿಪ್ಪುಜೀವಿಗಳು ಮೆತ್ತಿ ಹಡಗಿನ ವೇಗ ಕುಗ್ಗಿತು. ನೌಕಾಪಡೆ ಈ ಕ್ರಮವನ್ನು ಕೈಬಿಟ್ಟಿತು. ಡೇವಿಯ ತತ್ತ್ವ ಸರಿಯಾಗಿಯೇ ಇತ್ತು. ಇಂದಿನ ‘ಬಲಿ ಆನೋಡ್’ ಅದೇ.

ಆನೋಡಿನ ಆಯ್ಕೆ ನೀರನ್ನು ಅವಲಂಬಿಸಿದೆ. ಉಪ್ಪುನೀರಿಗೆ ಸತು ಅಥವಾ ಇಂಡಿಯಮ್ ಬೆರೆತ ಅಲ್ಯೂಮಿನಿಯಮ್, ಸಿಹಿನೀರಿಗೆ ಮೆಗ್ನೀಸಿಯಮ್. ಒಂದು ಕಿಲೋ ಸತು ಸುಮಾರು 780 ಆಂಪಿಯರ್-ಗಂಟೆ ವಿದ್ಯುತ್ತನ್ನು ಕೊಟ್ಟರೆ ಅದೇ ತೂಕದ ಅಲ್ಯೂಮಿನಿಯಮ್ ಸುಮಾರು 2500 ಕೊಡುತ್ತದೆ. ಸಿಹಿನೀರಿನಲ್ಲಿ ಸತುವಿನ ಮೇಲೆ ಗಟ್ಟಿ ಪದರ ಕೂತು ಅದು ನಿಷ್ಕ್ರಿಯವಾಗುತ್ತದೆ. ಜೂನ್-ಜುಲೈ ತಿಂಗಳ ಮೀನುಗಾರಿಕೆ ನಿಷೇಧದ ಕಾಲದಲ್ಲಿ ಕರಾವಳಿಯ ನದೀಮುಖಗಳಲ್ಲಿ ಲಂಗರು ಹಾಕುವ ಉಕ್ಕಿನ ದೋಣಿಗಳಿಗೆ ಈ ಅಂಶ ಮುಖ್ಯ; ಮಳೆಗಾಲದಲ್ಲಿ ಅಲ್ಲಿನ ನೀರಿನ ಉಪ್ಪು ಬಹಳ ಇಳಿದಿರುತ್ತದೆ.

ರಕ್ಷಣೆ ಹೆಚ್ಚಿದಷ್ಟೂ ಒಳ್ಳೆಯದೆಂಬ ಎಣಿಕೆ ತಪ್ಪು. ಉಕ್ಕಿಗೆ -0.80 ವೋಲ್ಟ್ ಸಾಕು. ಅಲ್ಯೂಮಿನಿಯಮ್ ಒಡಲನ್ನು ಸುಮಾರು -1.2 ವೋಲ್ಟಿಗಿಂತ ಕೆಳಗೆ ತಳ್ಳಿದರೆ ಮೇಲ್ಮೈಯಲ್ಲಿ ಕ್ಷಾರ ಹೆಚ್ಚಿ ಲೋಹವನ್ನೇ ತಿನ್ನತೊಡಗುತ್ತದೆ. ಆದ್ದರಿಂದ ಅದಕ್ಕೆ ಕಡಲಿನಲ್ಲಿ ಮೆಗ್ನೀಸಿಯಮ್ ಕಟ್ಟಬಾರದು. ತಾಮ್ರವಿರುವ ಪಾಚಿನಿರೋಧಕ ಬಣ್ಣವೂ ಅದಕ್ಕೆ ಸಲ್ಲದು. ಬಣ್ಣದ ವಿಷಯದಲ್ಲಿ ಇನ್ನೊಂದು ತಿರುವಿದೆ. ಒಡಲಿಗೆ ಮಾತ್ರ ಬಣ್ಣ ಬಳಿದು ಕಂಚಿನ ಭಾಗಗಳನ್ನು ಬರಿದಾಗಿ ಬಿಟ್ಟರೆ, ಒಡಲಿನ ಒಂದು ಚಿಕ್ಕ ಗೀರಿನಲ್ಲೇ ಇಡೀ ವಿದ್ಯುತ್ ಹರಿದು ಆಳವಾದ ಗುಂಡಿ ತೋಡುತ್ತದೆ.

ದೊಡ್ಡ ಹಡಗುಗಳಲ್ಲಿ ಹೊರಗಿನ ನೇರ ವಿದ್ಯುತ್ತಿನಿಂದ, ವಿಭವವನ್ನು ಸದಾ ಅಳೆಯುತ್ತ, ಒಡಲನ್ನು ಕಾಯುತ್ತಾರೆ. ಈ ಏರ್ಪಾಡು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ನೌಕಾಪಡೆಯ ಇಂಡಿಪೆಂಡೆನ್ಸ್ ತೋರಿಸಿತು. ಅಲ್ಯೂಮಿನಿಯಮ್ ಒಡಲಿನ ಈ ಯುದ್ಧನೌಕೆಯಲ್ಲಿ, ಸೇವೆಗೆ ಸೇರಿದ ಮರುವರ್ಷವೇ, 2011ರಲ್ಲಿ, ವಾಟರ್‌ಜೆಟ್‌ಗಳ ಬಳಿ ತೀವ್ರ ಸವೆತ ಪತ್ತೆಯಾಯಿತು.

ಚಿಕ್ಕ ದೋಣಿಗಳಿಗೆ ದಡದ ವಿದ್ಯುತ್ ಸಂಪರ್ಕವೂ ಅಪಾಯ ತರುತ್ತದೆ. ಅದರ ಭೂಸಂಪರ್ಕ ತಂತಿ ಪಕ್ಕಪಕ್ಕದ ದೋಣಿಗಳನ್ನೆಲ್ಲ ಒಂದೇ ಮಂಡಲಕ್ಕೆ ಸೇರಿಸುವುದರಿಂದ, ನಿಮ್ಮ ಆನೋಡು ನೆರೆಯವನ ಪ್ರೊಪೆಲ್ಲರನ್ನು ಕಾಯುತ್ತ ಬೇಗ ಮುಗಿಯುತ್ತದೆ. ಗಾಲ್ವಾನಿಕ್ ಐಸೊಲೇಟರ್ ಅಥವಾ ಪ್ರತ್ಯೇಕಿಸುವ ಟ್ರಾನ್ಸ್‌ಫಾರ್ಮರ್ ಇದಕ್ಕೆ ಪರಿಹಾರ. ಭೂಸಂಪರ್ಕವನ್ನೇ ಕತ್ತರಿಸುವುದು ಪ್ರಾಣಾಪಾಯ.

ಅರ್ಧ ಸವೆದ ಆನೋಡನ್ನು ಬದಲಿಸಬೇಕು. ಅದಕ್ಕೆ ಎಂದೂ ಬಣ್ಣ ಬಳಿಯಬಾರದು. ವರ್ಷ ಕಳೆದರೂ ಹೊಸದರಂತೆ ಉಳಿದ ಆನೋಡ್ ಕೆಲಸ ಮಾಡುತ್ತಿಲ್ಲವೆಂದೇ ತಿಳಿದು, ಒಡಲಿಗಿರುವ ಅದರ ಜೋಡಣೆಯನ್ನು ಮೊದಲು ಪರೀಕ್ಷಿಸಬೇಕು.