ಎತ್ತರದ ಅಳತೆ, ಬಳಕೆಯ ಅಪಾಯ: ಬೆಂಗಳೂರಿನ ಬಾಡಿಗೆ ಕಟ್ಟಡಗಳ ಅಗ್ನಿ ಸುರಕ್ಷತೆ ಕುರಿತು ಒಂದು ಟಿಪ್ಪಣಿ

ಬೆಂಗಳೂರಿನಲ್ಲಿ ಯಾವುದೇ ಕಟ್ಟಡಕ್ಕೆ ಬೆಂಕಿ ಬಿದ್ದ ಮರುದಿನ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಇತ್ತೇ? ಬಾಡಿಗೆಗೆ ಕೊಟ್ಟ ಮನೆ, ಅಂಗಡಿ, ಕಚೇರಿಗಳ ಮಟ್ಟಿಗೆ ಈ ಪ್ರಶ್ನೆ ಸಾಲದು ಎಂಬುದು ಈ ಟಿಪ್ಪಣಿಯ ವಾದ. ಎನ್‌ಒಸಿ ಕಟ್ಟಡದ ಎತ್ತರವನ್ನೂ ನಕ್ಷೆಯನ್ನೂ ನೋಡಿ ಕೊಡುವ ಪತ್ರ. ಬಾಡಿಗೆ ಕಟ್ಟಡದಲ್ಲಿ ಅಪಾಯ ಬೆಳೆಯುವುದು ಆ ಪತ್ರ ಕೈಸೇರಿದ ಮೇಲೆ, ಒಳಗಿನ ಬಳಕೆ ಬದಲಾಗುತ್ತ ಹೋದಂತೆ. ಈ ಅಂತರವನ್ನು ನಗರದ ನಾಲ್ಕು ಪ್ರಕರಣಗಳ ಮೂಲಕ ಗುರುತಿಸಿ, ಲಂಡನ್ನಿನ ಅನುಭವದೊಂದಿಗೆ ಹೋಲಿಸಲಾಗಿದೆ. ನಾಲ್ಕು ಪ್ರಕರಣಗಳಿಂದ ಅಂಕಿಅಂಶದ ತೀರ್ಮಾನಕ್ಕೆ ಬರಲಾಗದು. ಅಂತರ ಯಾವ ಬಗೆಯದು ಎಂಬುದನ್ನಷ್ಟೇ ಅವು ತೋರಿಸಬಲ್ಲವು.

1. ಕಾನೂನಿನ ಚೌಕಟ್ಟು

ಕರ್ನಾಟಕದಲ್ಲಿ ಈ ವಿಷಯದ ಮೂಲ ಕಾನೂನು 1964ರ ಕರ್ನಾಟಕ ಅಗ್ನಿಶಾಮಕ ದಳ ಅಧಿನಿಯಮ. ತಾಂತ್ರಿಕ ಮಾನದಂಡಗಳು ಭಾರತೀಯ ಮಾನಕ ಬ್ಯೂರೋ ಹೊರತಂದ ರಾಷ್ಟ್ರೀಯ ಕಟ್ಟಡ ಸಂಹಿತೆಯ 4ನೆಯ ಭಾಗದಲ್ಲಿವೆ. ಅದರ ಪರಿಷ್ಕೃತ ಆವೃತ್ತಿ 2016ರದು. ಸಂಹಿತೆ ತಾನಾಗಿಯೇ ಕಾನೂನಲ್ಲ. ರಾಜ್ಯದ ಮತ್ತು ಸ್ಥಳೀಯ ಸಂಸ್ಥೆಗಳ ನಿಯಮಗಳಲ್ಲಿ ಸೇರಿದಾಗ ಮಾತ್ರ ಅದಕ್ಕೆ ಬಲ ಬರುತ್ತದೆ.

ಸಂಹಿತೆ ಕಟ್ಟಡಗಳನ್ನು ಎರಡು ರೀತಿಯಲ್ಲಿ ನೋಡುತ್ತದೆ. ಒಂದು ಬಳಕೆ: ವಾಸ, ಶಿಕ್ಷಣ, ಆರೈಕೆ, ಜನ ಸೇರುವ ಸ್ಥಳ, ಕಚೇರಿ, ಅಂಗಡಿ, ಕೈಗಾರಿಕೆ, ದಾಸ್ತಾನು, ಅಪಾಯಕಾರಿ ವಸ್ತು ಎಂದು ಒಂಬತ್ತು ಗುಂಪು. ಇನ್ನೊಂದು ಎತ್ತರ: 15 ಮೀಟರ್ ಅಥವಾ ಅದಕ್ಕಿಂತ ಎತ್ತರವಿದ್ದರೆ ಅದು ಬಹುಮಹಡಿ ಕಟ್ಟಡ, ಅದಕ್ಕೆ ಹೆಚ್ಚುವರಿ ಷರತ್ತುಗಳು. ಆಡಳಿತದಲ್ಲಿ ಗಟ್ಟಿಯಾಗಿ ಬೇರೂರಿದ್ದು ಎರಡನೆಯ ಅಳತೆ. ಮುಂದಿನ ಭಾಗದಲ್ಲಿ ವಿವರಿಸಿದ 2010ರ ಕಾರ್ಲ್‌ಟನ್ ಟವರ್ಸ್ ಅಗ್ನಿ ದುರಂತದ ಬಳಿಕ, 2011ರಲ್ಲಿ, ನಿಯತ ಅಗ್ನಿ ಸುರಕ್ಷತಾ ತಪಾಸಣೆಯನ್ನು ಕಡ್ಡಾಯ ಮಾಡಿ ಸರ್ಕಾರ ಹೊರಡಿಸಿದ ಅಧಿಸೂಚನೆಯ ಗುರಿಯೂ ಎತ್ತರದ ಕಟ್ಟಡಗಳೇ ಆಗಿದ್ದವು.

ಎತ್ತರಕ್ಕೆ ಮಹತ್ವ ಕೊಟ್ಟದ್ದು ಅಕಾರಣವಲ್ಲ. ಮೇಲಿನ ಮಹಡಿಗಳಿಂದ ಇಳಿಯಲು ಹೆಚ್ಚು ಹೊತ್ತು ಬೇಕು, ಹೊರಗಿನ ಏಣಿ ಅಲ್ಲಿಗೆ ಮುಟ್ಟುವುದು ಕಷ್ಟ. ಆದರೆ ಬೆಂಗಳೂರಿನ ಸಾಮಾನ್ಯ ಬಾಡಿಗೆ ಕಟ್ಟಡ ನಿಂತಿರುವುದು 30×40 ಅಡಿಯ ನಿವೇಶನದಲ್ಲಿ. ನೆಲಮಹಡಿಯ ಮೇಲೆ ಮೂರು ಮಹಡಿ ಎದ್ದರೂ ಒಟ್ಟು ಎತ್ತರ ಸುಮಾರು 12 ಮೀಟರ್. ನಿವೇಶನದ ವಿಸ್ತೀರ್ಣ ಸುಮಾರು 111 ಚದರ ಮೀಟರ್. ಎತ್ತರದ ಮಿತಿಯಾಗಲಿ, ದೊಡ್ಡ ವಿಸ್ತೀರ್ಣದ ಕಟ್ಟಡಗಳಿಗಿರುವ ಮಿತಿಯಾಗಲಿ ಇದನ್ನು ಮುಟ್ಟುವುದಿಲ್ಲ.

2. ನಾಲ್ಕು ಪ್ರಕರಣಗಳು

ಕಾರ್ಲ್‌ಟನ್ ಟವರ್ಸ್, ಹಳೇ ವಿಮಾನ ನಿಲ್ದಾಣ ರಸ್ತೆ, 23 ಫೆಬ್ರುವರಿ 2010. ಹಲವು ಸಂಸ್ಥೆಗಳ ಕಚೇರಿಗಳಿದ್ದ ಏಳು ಮಹಡಿಯ ಕಟ್ಟಡ. ವಿದ್ಯುತ್ ಕೇಬಲ್‌ಗಳು ಹಾದುಹೋಗುವ ಡಕ್ಟ್‌ನ ಮೂಲಕ ಹೊಗೆ ಮೇಲಿನ ಮಹಡಿಗಳಿಗೆ ಏರಿತು. ತುರ್ತು ಮಾರ್ಗಗಳು ಕೆಲಸಕ್ಕೆ ಬರಲಿಲ್ಲ. ಕಿಟಕಿಯಿಂದ ಹಾರಿದವರೂ ಸೇರಿ ಒಂಬತ್ತು ಜನ ಸತ್ತರು. ಇದು ಎತ್ತರದ ಅಳತೆಗೆ ಸಿಗುವ ಕಟ್ಟಡವೇ. ಇಲ್ಲಿನ ಕೊರತೆ ದಿನನಿತ್ಯದ ನಿರ್ವಹಣೆಯದು.

ಕಲಾಸಿಪಾಳ್ಯ, 8 ಜನವರಿ 2018. ನೆಲಮಹಡಿಯ ಬಾರ್ ಒಂದರಲ್ಲಿ ನಸುಕಿನ ವೇಳೆಗೆ ಬೆಂಕಿ ಹತ್ತಿದಾಗ ಒಳಗೇ ಮಲಗಿದ್ದ ಐವರು ಕೆಲಸಗಾರರು ಸತ್ತರು. ಬೀದಿಯ ಮಟ್ಟದಲ್ಲೇ ಇದ್ದ ಜಾಗವಾದ್ದರಿಂದ ಎತ್ತರದ ಪ್ರಶ್ನೆಯೇ ಬರುವುದಿಲ್ಲ. ಕಾಗದದ ಮೇಲೆ ವ್ಯಾಪಾರದ ಸ್ಥಳವಾಗಿದ್ದದ್ದು ರಾತ್ರಿ ಮಲಗುವ ಕೋಣೆಯಾಗಿತ್ತು.

ದೇವರಚಿಕ್ಕನಹಳ್ಳಿ, 21 ಸೆಪ್ಟೆಂಬರ್ 2021. ವಸತಿ ಸಮುಚ್ಚಯದ ಒಂದು ಫ್ಲ್ಯಾಟ್‌ಗೆ ಬೆಂಕಿ ಬಿದ್ದು ತಾಯಿ, ಮಗಳು ಇಬ್ಬರೂ ಸತ್ತರು. ಬಾಲ್ಕನಿಗೆ ಹಾಕಿದ್ದ ಕಬ್ಬಿಣದ ಗ್ರಿಲ್‌ನಿಂದಾಗಿ ಹೊರಬರಲು ದಾರಿ ಇರಲಿಲ್ಲ. ಕಳ್ಳರನ್ನು ತಡೆಯಲು ಊರೆಲ್ಲ ಹಾಕಿಸುವ ಗ್ರಿಲ್ ಅದು. ಬೆಂಕಿಯ ಕಣ್ಣಿನಿಂದ ಅದನ್ನು ನೋಡುವ ಕೆಲಸ ಯಾರ ಪಾಲಿಗೂ ಬಂದಿಲ್ಲ.

ನಗರತ್‌ಪೇಟೆ, 16 ಆಗಸ್ಟ್ 2025. ಕೆಳಗಿನ ಮಹಡಿಗಳಲ್ಲಿ ಮ್ಯಾಟ್ ತಯಾರಿಕೆಯ ವ್ಯಾಪಾರ, ಮೇಲೆ ಮನೆ. ನಸುಕಿನ ಬೆಂಕಿಯಲ್ಲಿ ಐವರು ಸತ್ತರು. ವಾಸ, ದಾಸ್ತಾನು, ತಯಾರಿಕೆ ಒಂದೇ ಗೋಡೆಯೊಳಗೆ ಸೇರುವುದು ಹಳೆಯ ಪೇಟೆಗಳ ರೂಢಿ. ಸಂಹಿತೆಯ ಒಂಬತ್ತು ಗುಂಪುಗಳಲ್ಲಿ ಮೂರು ಇಲ್ಲಿ ಒಂದರ ಮೇಲೊಂದು ಕುಳಿತಿರುತ್ತವೆ.

ನಾಲ್ಕರಲ್ಲಿ ಎರಡು ರಾತ್ರಿ ಅಥವಾ ನಸುಕಿನಲ್ಲಿ, ಜನ ನಿದ್ದೆಯಲ್ಲಿದ್ದಾಗ ನಡೆದವು. ನಾಲ್ಕರಲ್ಲೂ ಪ್ರಾಣಹಾನಿಗೆ ನೇರ ಕಾರಣ ಜ್ವಾಲೆಯೊಂದೇ ಅಲ್ಲ, ಹೊರಬರುವ ದಾರಿ ಇಲ್ಲದಿದ್ದದ್ದು. ಈ ಎರಡೂ ಸಂಗತಿಗಳು ಕಟ್ಟಡದ ನಕ್ಷೆಯಲ್ಲಿ ಕಾಣುವಂಥವಲ್ಲ.

3. ಬಾಡಿಗೆದಾರ ಬದಲಾದರೆ ಲೆಕ್ಕವೂ ಬದಲಾಗುತ್ತದೆ

ಒಂದು ಮಹಡಿಯಲ್ಲಿ ಎಷ್ಟು ಜನ ಇರಬಹುದೆಂದು ಅಂದಾಜಿಸಲು ಸಂಹಿತೆ ತಲಾ ವಿಸ್ತೀರ್ಣದ ಕೋಷ್ಟಕ ಕೊಡುತ್ತದೆ. ಮನೆಗೆ ತಲಾ 12.5 ಚದರ ಮೀಟರ್, ಕಚೇರಿಗೆ 10, ಮೇಜು ಕುರ್ಚಿ ಹಾಕಿದ ಊಟದ ಸ್ಥಳಕ್ಕೆ 1.8. ಹೀಗಾಗಿ 90 ಚದರ ಮೀಟರ್‌ನ ಒಂದು ಮಹಡಿ ಮನೆಯಾಗಿದ್ದರೆ 7 ಜನ, ಕಚೇರಿಯಾದರೆ 9, ಹೋಟೆಲಾದರೆ 50 ಜನ. ಗೋಡೆ ಅದೇ, ಮೆಟ್ಟಿಲೂ ಅದೇ. ಬದಲಾದದ್ದು ಬಾಡಿಗೆ ಕರಾರು ಮಾತ್ರ. ಜೊತೆಗೆ ಅಡುಗೆಗೆ 19 ಕಿಲೋ ಸಿಲಿಂಡರುಗಳು ಬರುತ್ತವೆ. ಕೋರಮಂಗಲದಲ್ಲಿ 2023ರ ಅಕ್ಟೋಬರ್‌ನಲ್ಲಿ ನಾಲ್ಕನೆಯ ಮಹಡಿಯ ಕೆಫೆಯೊಂದಕ್ಕೆ ಬೆಂಕಿ ಬಿದ್ದು, ಪ್ರಾಣ ಉಳಿಸಿಕೊಳ್ಳಲು ಒಬ್ಬರು ಕೆಳಗೆ ಹಾರಬೇಕಾಯಿತು.

ಇಂಥ ಕಟ್ಟಡಗಳ ಮೆಟ್ಟಿಲಿನ ಸ್ಥಿತಿಯನ್ನೂ ಗಮನಿಸಬೇಕು. ಸಾಮಾನ್ಯವಾಗಿ ಇರುವುದು ಒಂದೇ ಮೆಟ್ಟಿಲು, ಅದಕ್ಕೆ ಬಾಗಿಲ ತಡೆ ಇಲ್ಲ. ಅದರ ಬುಡದಲ್ಲೇ ಎಲ್ಲ ಮನೆಗಳ ಮೀಟರ್ ಬೋರ್ಡು, ಪಕ್ಕದಲ್ಲಿ ಸಾಲಾಗಿ ನಿಂತ ಸ್ಕೂಟರುಗಳು, ಈಚೆಗೆ ಚಾರ್ಜಿಂಗ್ ಪಾಯಿಂಟು. ಮೀಟರ್ ಬೋರ್ಡಿನಲ್ಲಿ ಶಾರ್ಟ್ ಸರ್ಕ್ಯೂಟ್ ಆದರೆ ಇಳಿಯಬೇಕಾದ ದಾರಿಯೇ ಹೊಗೆಗೂಡಾಗುತ್ತದೆ. ಮೇಲಿನ ಟೆರೇಸಿನ ಬಾಗಿಲಿಗೆ ಬೀಗ ಬಿದ್ದಿದ್ದರೆ ಹೊಗೆಯೂ ಹೊರಗೆ ಹೋಗದು, ಜನರೂ ಹೋಗಲಾರರು.

ಇಷ್ಟಾದರೂ ಬಳಕೆ ಬದಲಾದ ಸುದ್ದಿ ಯಾವ ಕಡತಕ್ಕೂ ತಾನಾಗಿ ಸೇರುವುದಿಲ್ಲ. 1908ರ ನೋಂದಣಿ ಕಾಯಿದೆಯಂತೆ ಒಂದು ವರ್ಷ ಮೀರಿದ ಗೇಣಿ ಪತ್ರ ನೋಂದಣಿಯಾಗಬೇಕು. ಅದಕ್ಕೇ ನಮ್ಮಲ್ಲಿ ಹನ್ನೊಂದು ತಿಂಗಳ ಕರಾರು ರೂಢಿಯಾಗಿರುವುದು. ಅದರಲ್ಲಿ ಮುಂಗಡ, ಬಾಡಿಗೆ, ಸುಣ್ಣಬಣ್ಣದ ಖರ್ಚಿನವರೆಗೆ ಎಲ್ಲವೂ ಇರುತ್ತದೆ. ಬೆಂಕಿಯ ಹೊಣೆ ಯಾರದೆಂಬ ಸಾಲು ಅಪರೂಪ. ಮಾಲೀಕರು ಅದನ್ನು ಬಾಡಿಗೆದಾರರ ವ್ಯವಹಾರ ಎನ್ನುತ್ತಾರೆ, ಬಾಡಿಗೆದಾರರು ಕಟ್ಟಡ ತಮ್ಮದಲ್ಲ ಎನ್ನುತ್ತಾರೆ.

4. ಲಂಡನ್ನಿನ ಪಾಠ

ಬ್ರಿಟನ್ ಈ ಪ್ರಶ್ನೆಯನ್ನು ಬೇರೆ ದಾರಿಯಲ್ಲಿ ಎದುರಿಸಿತು. ಅಲ್ಲಿ 1971ರ ಕಾಯಿದೆಯಡಿ ಹೋಟೆಲು, ಕಚೇರಿ, ಅಂಗಡಿಗಳಿಗೆ ಅಗ್ನಿ ಪ್ರಮಾಣಪತ್ರ ಕೊಡುವ ಪದ್ಧತಿ ಇತ್ತು. 2005ರಲ್ಲಿ ಹೊರಟು 2006ರ ಅಕ್ಟೋಬರ್ 1ರಂದು ಜಾರಿಗೆ ಬಂದ ಆದೇಶ ಆ ಪ್ರಮಾಣಪತ್ರವನ್ನೇ ರದ್ದು ಮಾಡಿತು. ಅದರ ಬದಲು, ಕಟ್ಟಡದ ಹತೋಟಿ ಯಾರ ಕೈಯಲ್ಲಿದೆಯೋ ಅವರನ್ನು ಹೊಣೆಗಾರ ವ್ಯಕ್ತಿಯೆಂದು ಗುರುತಿಸಿ, ಅಗ್ನಿ ಅಪಾಯದ ಮೌಲ್ಯಮಾಪನ ಮಾಡಿಸುವ ಕರ್ತವ್ಯವನ್ನು ಅವರ ಮೇಲೆ ಹೊರಿಸಿತು. ಬೆಂಕಿ ಎಲ್ಲಿ ಹುಟ್ಟಬಹುದು, ಯಾರಿಗೆ ಅಪಾಯ, ಅದನ್ನು ತಗ್ಗಿಸುವುದು ಹೇಗೆ ಎಂದು ನೋಡಿ, ಬರೆದಿಟ್ಟು, ಪರಿಸ್ಥಿತಿ ಬದಲಾದಾಗ ಮತ್ತೆ ನೋಡಬೇಕು. ಆ ಕೊನೆಯ ಷರತ್ತೇ ಬಾಡಿಗೆ ಕಟ್ಟಡಕ್ಕೆ ಮುಖ್ಯವಾದದ್ದು.

ಹಾಗೆಂದು ಆ ಪದ್ಧತಿ ತಾನಾಗಿಯೇ ಜೀವ ಉಳಿಸಲಿಲ್ಲ. 2009ರ ಜುಲೈ 3ರಂದು ದಕ್ಷಿಣ ಲಂಡನ್ನಿನ ಲಕನಾಲ್ ಹೌಸ್‌ನಲ್ಲಿ ಆರು ಜನ ಸತ್ತಾಗ, ಆ ಕಟ್ಟಡದ ಮೌಲ್ಯಮಾಪನವೇ ನಡೆದಿರಲಿಲ್ಲ. ಅದರ ಒಡೆತನದ ಸದರ್ಕ್ ಕೌನ್ಸಿಲ್‌ಗೆ 2017ರಲ್ಲಿ 2,70,000 ಪೌಂಡ್ ದಂಡ ಬಿತ್ತು. ಅದೇ ವರ್ಷ ಜೂನ್ 14ರಂದು ಗ್ರೆನ್‌ಫೆಲ್ ಟವರ್ ಉರಿದು 72 ಜನ ಸತ್ತರು. ಅಲ್ಲಿ ಮೌಲ್ಯಮಾಪನ ನಡೆದಿತ್ತು, ಅದರ ಗುಣಮಟ್ಟ ಸಾಲದಾಗಿತ್ತು. ಮೌಲ್ಯಮಾಪನ ಮಾಡುವವರಿಗೆ ಕಡ್ಡಾಯ ಮಾನ್ಯತೆ ಬೇಕೆಂದು ವಿಚಾರಣಾ ಆಯೋಗ 2024ರ ಸೆಪ್ಟೆಂಬರ್ ವರದಿಯಲ್ಲಿ ಶಿಫಾರಸು ಮಾಡಿತು. ಮೌಲ್ಯಮಾಪನವನ್ನು ಪೂರ್ತಿಯಾಗಿ ಬರೆದಿಡುವ ನಿಯಮ ಅದಕ್ಕೂ ಮೊದಲೇ, 2023ರ ಅಕ್ಟೋಬರ್ 1ರಿಂದ, ಜಾರಿಗೆ ಬಂದಿತ್ತು. ಹೊಣೆ ಹೊರಿಸಿದರಷ್ಟೇ ಸಾಲದು, ಹೊಣೆ ಹೊತ್ತವರ ಕೆಲಸವನ್ನು ನೋಡುವವರೂ ಬೇಕು ಎಂಬುದು ಈ ಎರಡು ಪ್ರಕರಣಗಳ ಸಾರ.

5. ತೀರ್ಮಾನ

ಬೆಂಗಳೂರಿಗೆ ಪ್ರಮಾಣಪತ್ರವನ್ನು ಕೈಬಿಡುವ ಅಗತ್ಯವಿಲ್ಲ. ಎತ್ತರದ ಕಟ್ಟಡಗಳಿಗೆ ಅದು ಬೇಕೇ ಬೇಕು. ಆದರೆ 12 ಮೀಟರ್‌ನ ಸಾವಿರಾರು ಕಟ್ಟಡಗಳಿಗೆ ಅಗ್ನಿಶಾಮಕ ಅಧಿಕಾರಿಗಳನ್ನು ಕಳಿಸಿ ಪತ್ರ ಕೊಡಿಸುವುದೂ ನಡೆಯುವ ಮಾತಲ್ಲ. ಇರುವ ಆಡಳಿತ ವ್ಯವಸ್ಥೆಯಲ್ಲೇ ಬಳಕೆಯನ್ನು ಹಿಡಿಯುವ ಕೊಂಡಿ ಬೇಕು. ಅದಕ್ಕೆ ಒಂದು ಪೂರ್ವನಿದರ್ಶನವೂ ಇದೆ. 2024ರ ಆಗಸ್ಟ್‌ನಲ್ಲಿ ಬಿಬಿಎಂಪಿ ಪೇಯಿಂಗ್ ಗೆಸ್ಟ್ (ಪಿ.ಜಿ.) ವಸತಿಗಳಿಗೆ ಹೊರಡಿಸಿದ ಮಾರ್ಗಸೂಚಿ, ಎತ್ತರ ಎಷ್ಟೇ ಇರಲಿ, ತಲಾ 70 ಚದರ ಅಡಿ ಜಾಗವನ್ನೂ ಅಗ್ನಿ ಸುರಕ್ಷತಾ ಕ್ರಮಗಳನ್ನೂ ಪರವಾನಗಿಯ ಷರತ್ತಾಗಿಸಿತು. ಅಲ್ಲಿ ಅಳತೆಗೋಲು ಕಟ್ಟಡವಲ್ಲ, ಅದರಲ್ಲಿ ನಡೆಯುವ ಬದುಕು.

ಇದೇ ತತ್ವವನ್ನು ಮೂರು ಕಡೆ ವಿಸ್ತರಿಸಬಹುದು. ಮೊದಲನೆಯದಾಗಿ, ಉದ್ದಿಮೆ ಪರವಾನಗಿ ಕೊಡುವಾಗಲೂ ನವೀಕರಿಸುವಾಗಲೂ ಮಾಲೀಕರು, ಬಾಡಿಗೆದಾರರು ಇಬ್ಬರೂ ಸಹಿ ಮಾಡಿದ ಲಿಖಿತ ಅಪಾಯ ಮೌಲ್ಯಮಾಪನವನ್ನು ಕೇಳಬೇಕು. ರಾತ್ರಿ ಒಳಗೆ ಯಾರಾದರೂ ಮಲಗುತ್ತಾರೆಯೇ ಎಂಬ ಪ್ರಶ್ನೆ ಅದರಲ್ಲಿ ಕಡ್ಡಾಯವಾಗಿರಬೇಕು. ಎರಡನೆಯದಾಗಿ, ಮನೆ ಅಂಗಡಿಯಾದಾಗ, ಅಂಗಡಿ ಗೋದಾಮಾದಾಗ, ಗೋದಾಮಿನ ಮೇಲೆ ಸಂಸಾರ ಹೂಡಿದಾಗ ಮೌಲ್ಯಮಾಪನ ಹೊಸದಾಗಿ ಆಗಬೇಕು. ಮೂರನೆಯದಾಗಿ, ಅದನ್ನು ಮಾಡುವವರಿಗೆ ಮಾನ್ಯತೆ ಇರಬೇಕು, ಕೆಲವನ್ನಾದರೂ ಇಲಾಖೆ ಸ್ಥಳಕ್ಕೆ ಹೋಗಿ ಮರುಪರಿಶೀಲಿಸಬೇಕು. ಈ ಮೂರನೆಯದನ್ನು ಬಿಟ್ಟು ಮೊದಲ ಎರಡನ್ನು ಮಾತ್ರ ತಂದರೆ, ಎನ್‌ಒಸಿಯ ಕಡತದ ಪಕ್ಕದಲ್ಲಿ ಇನ್ನೊಂದು ಕಡತ ಸೇರುತ್ತದೆ, ಅಷ್ಟೇ.